ಗಲ್ಲಾಕ್ಕೆ ಬಂದ ಹಳೇ ನೋಟು: ಯಾವುದನ್ನು ಎತ್ತಿಡಬೇಕು, ಯಾವುದನ್ನು ಚಿಲ್ಲರೆಗೆ ಕೊಡಬೇಕು?

ಗಲ್ಲಾಕ್ಕೆ ಬರುವ ಹಳೇ ನೋಟುಗಳಲ್ಲಿ ಎತ್ತಿಡಲು ಯೋಗ್ಯವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಹಿಂಬದಿಯಲ್ಲಿ ಆರ್ಯಭಟ ಉಪಗ್ರಹ ಇರುವ ಎರಡು ರೂಪಾಯಿ ನೋಟಿಗೇ ನನ್ನ ಮತ. ಮಲೆನಾಡಿನ ಪೇಟೆಯೊಂದರಲ್ಲಿ ಕಿರಾಣಿ ಅಂಗಡಿ ನಡೆಸುತ್ತೇನೆ. ರಾತ್ರಿ ಲೆಕ್ಕ ಮುಗಿಸುವಾಗ ಪ್ರತಿ ನೋಟೂ ಕೈಯಲ್ಲಿ ಹಾದುಹೋಗುತ್ತದೆ. ವಿಶೇಷವಾಗಿ ಕಂಡದ್ದನ್ನು ತೆಗೆದಿಟ್ಟು, ಅಷ್ಟೇ ದುಡ್ಡನ್ನು ಜೇಬಿನಿಂದ ಗಲ್ಲಾಕ್ಕೆ ಹಾಕುವುದು ಬಹಳ ವರ್ಷದ ರೂಢಿ. ಹೀಗೆ ಕೂಡಿದ ಎರಡು ರೂಪಾಯಿ ನೋಟು, ಸ್ಟಾರ್ ನೋಟು, 786ರ ನೋಟು, ಇಸವಿ ಇಲ್ಲದ ಗಾಂಧಿ ನೋಟು ಎಲ್ಲವನ್ನೂ ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನಕ್ಕೆ ಒಯ್ದಿದ್ದೆ. ಅಲ್ಲಿದ್ದ ವ್ಯಾಪಾರಿ ಉಳಿದವನ್ನೆಲ್ಲ ಪಕ್ಕಕ್ಕೆ ಸರಿಸಿ, ಎರಡು ರೂಪಾಯಿಯದನ್ನು ಮಾತ್ರ ಒಂದೊಂದಾಗಿ ದೀಪಕ್ಕೆ ಹಿಡಿದು ನೋಡಿದರು. ಕೆಲವನ್ನು ಕೊಂಡರು, ಕೊಟ್ಟ ಬೆಲೆ ನನಗೂ ಒಪ್ಪಿಗೆಯಾಯಿತು. ಅಂದಿನಿಂದ ನನ್ನ ಆಯ್ಕೆ ಇನ್ನಷ್ಟು ಗಟ್ಟಿಯಾಗಿದೆ.

ಎರಡು ರೂಪಾಯಿ ನೋಟಿನ ಮುದ್ರಣ 1995ರಲ್ಲಿ ನಿಂತಿತು. ರದ್ದಾಗಿಲ್ಲ, ಇಂದಿಗೂ ಕಾನೂನಿನ ಪ್ರಕಾರ ಹಣವೇ. ಹೊಸದಾಗಿ ಬರುವುದಿಲ್ಲ, ಇರುವುದು ದಿನೇದಿನೇ ಹರಿದು ಕಡಿಮೆಯಾಗುತ್ತದೆ. ಎತ್ತಿಡಲು ನನಗೆ ಬೀಳುವ ಖರ್ಚು ಎರಡೇ ರೂಪಾಯಿ. ಜೊತೆಗೆ ಅದರ ಮೇಲಿರುವ ಚಿತ್ರ ನಮ್ಮದು: 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿದ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಊರಿನ ಅಜ್ಜಿಯರು ಟ್ರಂಕಿನ ತಳದಿಂದ ತೆಗೆದು ತರುವ ಈ ನೋಟನ್ನು ಬೇಡ ಎನ್ನಲು ನನಗೆ ಮನಸ್ಸೇ ಬರುವುದಿಲ್ಲ.

ಇದರಲ್ಲಿ ಇಸವಿ ಅಚ್ಚಾಗಿಲ್ಲ. ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ನೋಡಿಯೇ ಕಾಲ ತಿಳಿಯಬೇಕು. ಮನಮೋಹನ್ ಸಿಂಗ್ ಸಹಿ ಇದ್ದರೆ 1982ರಿಂದ 85ರ ನಡುವಿನದು, ಮಲ್ಹೋತ್ರಾ ಅವರದಾದರೆ 1985ರಿಂದ 90, ರಂಗರಾಜನ್ ಅವರದಾದರೆ ಕೊನೆಯ ದಿನಗಳದು. ಸಹಿಗೊಂದು ನೋಟು ಜೋಡಿಸುತ್ತಾ ಹೋದರೆ ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಸಂಗ್ರಹವಾಗುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಇದರ ಕಾಟವನ್ನೂ ಹೇಳಬೇಕು. ಪಿನ್ನು.

ಆಗೆಲ್ಲ ನೂರು ನೋಟಿನ ಕಟ್ಟಿಗೆ ಎಡಬದಿಯಲ್ಲಿ, ವಾಟರ್‌ಮಾರ್ಕ್ ಇರುವ ಬಿಳಿ ಜಾಗದ ಹತ್ತಿರ, ದಪ್ಪ ಸ್ಟೇಪ್ಲರ್ ಪಿನ್ನು ಹೊಡೆಯುತ್ತಿದ್ದರು. ಪಿನ್ನು ಬಿಟ್ಟು ಕಾಗದದ ಪಟ್ಟಿ ಸುತ್ತಿ ಎಂದು ರಿಸರ್ವ್ ಬ್ಯಾಂಕ್ 2001ರ ನವೆಂಬರಿನಲ್ಲಿ ಎಲ್ಲ ಬ್ಯಾಂಕುಗಳಿಗೆ ತಾಕೀತು ಮಾಡಿತು. ಅಷ್ಟರಲ್ಲಿ ಎರಡು ರೂಪಾಯಿಯ ಕಾಲವೇ ಮುಗಿದಿತ್ತು. ಹಾಗಾಗಿ ಯಾರ ಕೈಗೂ ಹೋಗದ ಗರಿಗರಿ ನೋಟಿನಲ್ಲೂ ಪಿನ್ನಿನ ತೂತು ಇದ್ದೇ ಇರುತ್ತದೆ. ಬೆಳಕಿಗೆ ಹಿಡಿದರೆ ಸಣ್ಣ ಚುಕ್ಕಿಗಳ ಸಾಲು ಕಾಣುತ್ತದೆ. ಕಟ್ಟು ಮತ್ತೆ ಮತ್ತೆ ಬಿಚ್ಚಿ ಹೊಡೆದಿದ್ದರೆ ಆ ಜಾಗ ಜರಡಿಯಾಗಿರುತ್ತದೆ.

ಈ ತೂತು ದೊಡ್ಡ ದೋಷವಲ್ಲ ಎಂಬುದನ್ನು ಆ ವ್ಯಾಪಾರಿಯೇ ತಿಳಿಸಿಕೊಟ್ಟರು. ಬ್ಯಾಂಕಿನಿಂದ ಬರುವಾಗಲೇ ಇದ್ದ ತೂತನ್ನು ಗ್ರೇಡಿಂಗ್ ಮಾಡುವವರೂ, ಅಂದರೆ ನೋಟಿನ ಸ್ಥಿತಿ ನೋಡಿ ದರ್ಜೆ ಕೊಡುವವರೂ, ಹಾಗೆಂದೇ ಬರೆದು ಒಪ್ಪುತ್ತಾರೆ. ಬೆಲೆ ಬಿದ್ದುಹೋಗುವುದು ತುಕ್ಕಿನಿಂದ. ನಮ್ಮ ಕಡೆಯ ಮಳೆಗಾಲದ ಥಂಡಿಗೆ ಕಬ್ಬಿಣದ ಪಿನ್ನು ತುಕ್ಕು ಹಿಡಿದು, ತೂತಿನ ಸುತ್ತ ಕಂದು ವರ್ತುಲ ಮೂಡುತ್ತದೆ. ಅದು ನಿಧಾನವಾಗಿ ಕಾಗದವನ್ನು ತಿನ್ನುತ್ತದೆ, ಪಕ್ಕದ ನೋಟಿಗೂ ಹತ್ತುತ್ತದೆ. ಮುಖ ಹೊಸದರಂತೆ ಹೊಳೆಯುವ ಒಂದು ನೋಟನ್ನು ಅವರು ಇದೊಂದೇ ಕಾರಣಕ್ಕೆ ವಾಪಸ್ ಕೊಟ್ಟರು.

ಪಿನ್ನು ಎಳೆಯುವಾಗಿನ ಹಾನಿ ಇನ್ನೊಂದು. ಅವಸರದಲ್ಲಿ ಕಿತ್ತ ನೋಟಿನ ಎಡ ಅಂಚು ಹರಿದಿರುತ್ತದೆ. ಪಿನ್ನು ಸಮೇತ ಕಟ್ಟು ಸಿಕ್ಕಿದರೆ ಹಿಂಬದಿಯ ಎರಡೂ ಕಾಲುಗಳನ್ನು ಚಪ್ಪಟೆ ಅಲಗಿನಿಂದ ನೇರ ಮಾಡಿ, ಮೇಲಿನಿಂದ ನೆಟ್ಟಗೆ ಎತ್ತಬೇಕು. ಅಡ್ಡಕ್ಕೆ ಎಳೆಯಲೇಬಾರದು. ನೋಟು ಒರೆಸುವುದು, ತೊಳೆಯುವುದು, ಇಸ್ತ್ರಿ ಹಾಕುವುದು, ಲ್ಯಾಮಿನೇಷನ್ ಮಾಡಿಸುವುದು ಯಾವುದೂ ಬೇಡ. ಪಿವಿಸಿ ಹಾಳೆಯ ಅಗ್ಗದ ಆಲ್ಬಮ್ಮೂ ಬೇಡ, ಮಳೆಗಾಲದಲ್ಲಿ ಅದು ಬೆವತು ನೋಟಿಗೆ ಅಂಟುತ್ತದೆ.

ಇನ್ನು ಸ್ಟಾರ್ ನೋಟು. ನೋಟಿನ ಸಂಖ್ಯೆಯಲ್ಲಿ ಅಕ್ಷರ ಮತ್ತು ಅಂಕಿಯ ನಡುವೆ ನಕ್ಷತ್ರ ಇರುವುದು. ಮುದ್ರಣದಲ್ಲಿ ಕೆಟ್ಟುಹೋದ ನೋಟಿನ ಜಾಗಕ್ಕೆ ಸೇರಿಸುವ ಬದಲಿ ನೋಟು ಇದು, 2006ರಿಂದ ಬರುತ್ತಿದೆ. ಖೋಟಾ ಎಂದು ಗಾಳಿಸುದ್ದಿ ಎದ್ದಾಗ, 2023ರ ಜುಲೈಯಲ್ಲಿ ರಿಸರ್ವ್ ಬ್ಯಾಂಕೇ ಇದು ಅಸಲಿ ಎಂದು ಸ್ಪಷ್ಟಪಡಿಸಿತು. ಇದರ ಹಿಂದಿನ ಕಥೆ ನನಗೆ ಇಷ್ಟ. ಆದರೆ ಈಗಲೂ ಅಚ್ಚಾಗುತ್ತಿರುವ ನೋಟು. ಐನೂರರ ಒಂದು ಸ್ಟಾರ್ ಎತ್ತಿಟ್ಟರೆ ನನ್ನ ಅಂಗಡಿಯ ಐನೂರು ರೂಪಾಯಿ ಕಟ್ಟಿಬೀಳುತ್ತದೆ. ಮಡಿಕೆಯೇ ಇಲ್ಲದ ಹತ್ತರ ನೋಟು ಸಿಕ್ಕರೆ ಮಾತ್ರ ಇಟ್ಟುಕೊಳ್ಳುತ್ತೇನೆ.

786 ಅನೇಕ ಮುಸ್ಲಿಮರು ಶುಭವೆಂದು ನಂಬುವ ಸಂಖ್ಯೆ. ಅಪರೂಪವೇ ಎಂಬುದು ಮಾತ್ರ ಲೆಕ್ಕದ ಮಾತು. ನೋಟಿನ ಸಂಖ್ಯೆಯಲ್ಲಿ ಆರು ಅಂಕಿ. ಸಾವಿರ ನೋಟಿಗೊಂದು 786ರಲ್ಲೇ ಮುಗಿಯುತ್ತದೆ. ನಡುವೆ, ಮೊದಲಿಗೆ ಬರುವವು ಬೇರೆ. ಅಪರೂಪ ಎಂದರೆ 000786, ಅದು ಒಂದು ಅಕ್ಷರಸರಣಿಗೆ ಒಂದೇ. ಅಂಥದ್ದು ನನ್ನ ಗಲ್ಲಾಕ್ಕೆ ಬಂದೇ ಇಲ್ಲ. ಸಾಮಾನ್ಯ 786ರ ನೋಟು ಸಿಕ್ಕರೆ, ಅದನ್ನು ಶ್ರದ್ಧೆಯಿಂದ ಇಟ್ಟುಕೊಳ್ಳುವ ಹಿರಿಯ ಗಿರಾಕಿಯೊಬ್ಬರಿದ್ದಾರೆ, ಮುಖಬೆಲೆಗೇ ಕೊಡುತ್ತೇನೆ. ಅವರ ಮುಖದ ಸಂತೋಷ ನೋಡಿದ ಮೇಲೆ ಹೆಚ್ಚು ಕೇಳಲು ನನಗಾಗದು.

ಹಿಂಬದಿಯಲ್ಲಿ ಕೆಳಗೆ ಇಸವಿ ಇಲ್ಲದ ಗಾಂಧಿ ನೋಟುಗಳು 2005ಕ್ಕೆ ಮೊದಲಿನವು. 2014ರಿಂದ ಇವನ್ನು ವಾಪಸ್ ಪಡೆಯಲು ಶುರುಮಾಡಿದರು. ಹತ್ತು, ಇಪ್ಪತ್ತರವು ಗರಿಗರಿಯಾಗಿದ್ದರೆ ಇಡಬಹುದು, ನನ್ನ ಲೆಕ್ಕದಲ್ಲಿ ಎರಡನೇ ಸ್ಥಾನ ಇವಕ್ಕೆ. ನೂರರದ್ದನ್ನು ಇಟ್ಟರೆ ಮತ್ತದೇ ದುಡ್ಡು ಕಟ್ಟಿಬೀಳುವ ತೊಂದರೆ.

ಒಂದು ರೂಪಾಯಿ ನೋಟು ರಿಸರ್ವ್ ಬ್ಯಾಂಕಿನದಲ್ಲ, ಕೇಂದ್ರ ಸರ್ಕಾರದ್ದು. ಸಹಿ ಹಣಕಾಸು ಇಲಾಖೆಯ ಕಾರ್ಯದರ್ಶಿಯದು. 2015ರಿಂದ ಮತ್ತೆ ಅಚ್ಚಾಗಿದೆ, ಆದ್ದರಿಂದ 1994ರವರೆಗಿನದನ್ನು ಮಾತ್ರ ಇಡಿ. ಮನಮೋಹನ್ ಸಿಂಗ್ ಕಾರ್ಯದರ್ಶಿಯಾಗಿದ್ದಾಗ ಸಹಿ ಹಾಕಿದ ಒಂದು ರೂಪಾಯಿ, ಗವರ್ನರ್ ಆಗಿ ಸಹಿ ಹಾಕಿದ ಎರಡು ರೂಪಾಯಿ ಎರಡೂ ನನ್ನಲ್ಲಿವೆ. ಆ ಜೋಡಿಯನ್ನು ಯಾರಿಗೂ ಮಾರುವುದಿಲ್ಲ.

ಎರಡು ಸಾವಿರದ ನೋಟು 2023ರ ಮೇ 19ರಂದು ಹಿಂತೆಗೆತಕ್ಕೆ ಬಂತು, ಆದರೆ ರದ್ದಾಗಿಲ್ಲ. ಅದರ ಹಿಂದೆಯೂ ಇಸ್ರೋದ ಸಾಧನೆಯೇ, ಮಂಗಳಯಾನ. ಆರ್ಯಭಟದ ಪಕ್ಕ ಇಡುವ ಆಸೆಯಾದರೂ, ಎರಡು ಸಾವಿರ ರೂಪಾಯಿಯನ್ನು ಸುಮ್ಮನೆ ಕೂರಿಸಲು ನನ್ನ ವ್ಯಾಪಾರ ಬಿಡುವುದಿಲ್ಲ. ಮನೆಯಲ್ಲಿ ಸಿಕ್ಕಿದ್ದನ್ನು ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೆ ಅಂಚೆಯಲ್ಲಿ ಕಳಿಸಿದೆ. 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳ ವಿಷಯದಲ್ಲಿ ಎಚ್ಚರ: ಸಾಮಾನ್ಯರು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯ ಪ್ರಕಾರ ಅಪರಾಧ.

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿಗೆ ಲಕ್ಷ ಕೊಡುತ್ತೇವೆ ಎಂಬ ಜಾಹೀರಾತು ನಿಮ್ಮ ಫೋನಿಗೂ ಬಂದಿರಬಹುದು. ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ ಎಂದು ಕೇಳುತ್ತಾ ಹೋಗುತ್ತಾರೆ. ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ದಯವಿಟ್ಟು ಒಂದು ಪೈಸೆಯನ್ನೂ ಕಳಿಸಬೇಡಿ. ಬಳಸಿ ಮೆತ್ತಗಾದ ಎರಡು ರೂಪಾಯಿ ನೋಟಿಗೂ ಒಂದು ಚಹಾದ ದುಡ್ಡು ಸಿಕ್ಕರೆ ಅದೇ ಹೆಚ್ಚು. ಬೆಲೆ ಬರುವುದು ಮಡಿಕೆ, ಬರಹ, ತುಕ್ಕು ಇಲ್ಲದ್ದಕ್ಕೆ.

ಈಗ ನನ್ನ ಕ್ರಮ ಇಷ್ಟು: ಇಪ್ಪತ್ತರವರೆಗಿನ ನೋಟು ಮಾತ್ರ, ಅದೂ ಬೆಳಕಿಗೆ ಹಿಡಿದು ಪಿನ್ನಿನ ಜಾಗ ನೋಡಿದ ಮೇಲೆ. ತಿಂಗಳಿಗೆ ನೂರು ರೂಪಾಯಿ ದಾಟುವಂತಿಲ್ಲ. ಐವತ್ತು ಮತ್ತು ಅದಕ್ಕೂ ಮೇಲಿನದು ಎಷ್ಟೇ ಚೆಂದವಿರಲಿ, ಮರುದಿನ ಬೆಳಗ್ಗೆ ಹಾಲಿನವರ ಲೆಕ್ಕಕ್ಕೆ ಹೋಗುತ್ತದೆ.