ಕೆ, ಪಿ, ಕ್ಯೂ: ಮೂರು ಗ್ಯಾಮಾಗಳಲ್ಲಿ ಯಾವುದು ಮೇಲು?

ಗ್ಯಾಮಾ ಫಂಕ್ಷನ್ ಅಂದರೆ ಫ್ಯಾಕ್ಟೋರಿಯಲ್ಲನ್ನು ಒಂದು ಇಂಟಿಗ್ರಲ್ ಮೂಲಕ ಪೂರ್ಣಾಂಕವಲ್ಲದ ಸಂಖ್ಯೆಗಳಿಗೂ ಒಯ್ಯುವ ಫಂಕ್ಷನ್. ಅದನ್ನು ಹಿಗ್ಗಿಸುವ ಪೇಪರುಗಳಿಗೆ ಬರವಿಲ್ಲ. ಹೊಸದೊಂದು ಅಕ್ಷರ ಸೇರಿಸಿದರೆ ಹೊಸದೊಂದು ಪೇಪರು! ಅವುಗಳಲ್ಲಿ ಮೂರನ್ನು ಮೊದಲು ಕೈಯಲ್ಲಿ, ಆಮೇಲೆ ಪೈಥಾನ್‌ನಲ್ಲಿ ಲೆಕ್ಕ ಹಾಕಿ ನೋಡಿದೆ. ನನಗೆ ಬೇಕಿದ್ದದ್ದು ಎರಡು. ಹೊಸದೇನಾದರೂ ಸಿಗಬೇಕು, ಹಳೆಯ ನಂಟೂ ಉಳಿಯಬೇಕು. ಎಕ್ಸ್‌ನ ಗ್ಯಾಮಾವನ್ನು ವೈನ ಗ್ಯಾಮಾದಿಂದ ಗುಣಿಸಿ, ಎಕ್ಸ್+ವೈನ ಗ್ಯಾಮಾದಿಂದ ಭಾಗಿಸಿದರೆ ಬೀಟಾ ಎಂಬ ಇನ್ನೊಂದು ಫಂಕ್ಷನ್ ಬರುತ್ತದಲ್ಲ, ಆ ನಂಟು.

ಕೆ-ಗ್ಯಾಮಾ 2007ರಲ್ಲಿ ಡಿಯಾಸ್ ಮತ್ತು ಪರಿಗ್ವಾನ್ ಕೊಟ್ಟದ್ದು. ಇದರಲ್ಲಿ ನಂಟು ಉಳಿಯುತ್ತದೆ. ಆದರೆ ಇಂಟಿಗ್ರಲ್‌ನಲ್ಲಿ ಒಂದು ಸಬ್‌ಸ್ಟಿಟ್ಯೂಷನ್ ಮಾಡಿ ನೋಡಿ. ಹಳೆಯ ಗ್ಯಾಮಾವೇ ಕೆ-ಯ ಒಂದು ಘಾತವನ್ನು ಹೊತ್ತು ಹೊರಗೆ ಬರುತ್ತದೆ. ಎಕ್ಸ್, ಎಕ್ಸ್+ಕೆ, ಎಕ್ಸ್+2ಕೆ ಎಂದು ಜಿಗಿಯುವ ಗುಣಲಬ್ಧ ಬರೆಯಲು ಅನುಕೂಲ, ಅಷ್ಟೇ.

ಪಿ ಹಾಗಲ್ಲ. ಚೌಧರಿ ಮತ್ತು ಜುಬೇರ್ 1994ರಲ್ಲಿ ಗ್ಯಾಮಾದ ಇಂಟಿಗ್ರಲ್ ಒಳಗಿರುವ ಎಕ್ಸ್‌ಪೊನೆನ್ಷಿಯಲ್‌ನ ಮೈನಸ್ ಟಿ ಜೊತೆಗೆ ಮೈನಸ್ ಪಿ ಬೈ ಟಿ ಸೇರಿಸಿದರು. ಅದರಿಂದ ಸೊನ್ನೆಯ ಹತ್ತಿರ ಇಂಟಿಗ್ರಲ್ ಕೈ ಮೀರಿ ಹೋಗುವುದಿಲ್ಲ. ಎಕ್ಸ್ ಸೊನ್ನೆಯಾದರೆ ಹಳೆಯ ಇಂಟಿಗ್ರಲ್‌ಗೆ ಬೆಲೆಯೇ ಇಲ್ಲ. ಇಲ್ಲಿ ಪಿ 1 ಇಟ್ಟರೆ 0.2278 ಬರುತ್ತದೆ. ಒಳಗೆ ಕೂತಿರುವುದು ಮಾರ್ಪಡಿಸಿದ ಬೆಸೆಲ್ ಫಂಕ್ಷನ್ ಎಂಬ ಹಳೆಯ, ಪರಿಚಿತ ಫಂಕ್ಷನ್, ಹಾಗಾಗಿ ಲೆಕ್ಕವೂ ಸುಲಭ. ಇದೇ ದಾರಿಯಲ್ಲಿ 1997ರಲ್ಲಿ ಬೀಟಾವೂ ಬಂತು. ನಂಟು ಮುರಿದದ್ದು ಅಲ್ಲೇ. ಪಿ 1, ಎಕ್ಸ್ ಮತ್ತು ವೈ ಎರಡೂ ಅರ್ಧ ಎಂದು ಇಟ್ಟೆ. ಹೊಸ ಬೀಟಾ 0.0147. ಗ್ಯಾಮಾಗಳ ಕಡೆಯಿಂದ ಬಂದರೆ 0.2057. ಹದಿನಾಲ್ಕು ಪಟ್ಟು ಅಂತರ! ಇದಕ್ಕೂ ಬೀಟಾ ಅನ್ನಬೇಕಾ ಅನ್ನಿಸಿತು. ಇದರ ಮೇಲೆ ಇನ್ನೂ ಎರಡು ಮೂರು ಅಕ್ಷರ ಪೇರಿಸುವವರಿದ್ದಾರೆ, ಅದು ಸುಮ್ನೆ ಸರ್ಕಸ್ಸು.

ನನ್ನ ಓಟು ಜಾಕ್ಸನ್ ಅವರ ಕ್ಯೂ-ಗ್ಯಾಮಾಕ್ಕೆ. ಮೂರಲ್ಲಿ ಹಳೆಯದೂ ಇದೇ. ಇಲ್ಲಿ 1, 2, 3 ಎಂಬ ಸಂಖ್ಯೆಗಳೇ 1, 1+ಕ್ಯೂ, 1+ಕ್ಯೂ+ಕ್ಯೂ ವರ್ಗ ಆಗುತ್ತವೆ. 4ರ ಗ್ಯಾಮಾ ಅಂದರೆ ಈ ಮೂರರ ಗುಣಲಬ್ಧ. ಕ್ಯೂ ಅರ್ಧವಾದರೆ ಅದು 2.625. ಕ್ಯೂ 0.9 ಆದರೆ 5.149. 1ರ ಕಡೆ ಸರಿದಂತೆ ನಮ್ಮ ಹಳೆಯ 6ಕ್ಕೆ ಬರುತ್ತದೆ. ಇದು ನಿಜಕ್ಕೂ ಹೊಸ ಫಂಕ್ಷನ್, ಬೀಟಾದ ನಂಟೂ ಹಾಗೇ ಉಳಿಯುತ್ತದೆ. ರಾಮಾನುಜನ್ 1915ರಲ್ಲಿ ಬೀಟಾ ಇಂಟಿಗ್ರಲ್‌ಗೆ ಕ್ಯೂ ರೂಪ ಕೊಟ್ಟದ್ದೂ ಇದೇ ಲೋಕದಲ್ಲಿ. ಕಿರಿಕಿರಿ ಇಲ್ಲದಿಲ್ಲ. ಕ್ಯೂ-ಗ್ಯಾಮಾವನ್ನು ಬರೆಯುವುದು ಅನಂತ ಗುಣಲಬ್ಧವಾಗಿ, ಕ್ಯೂ 0.99 ಇಟ್ಟರೆ ಅದರ ಪದಗಳು ಜಾಸ್ತಿ ಬೇಕು, ಆದ್ದರಿಂದ ಲಾಗರಿದಮ್ ತೆಗೆದು ಕೂಡುವುದು ವಾಸಿ.