ಟಿಳಕವಾಡಿ ಸಬ್ಸಿಡಿ ಕನ್ಸಲ್ಟನ್ಸಿ: ಕೆಲಸ ಚಲೋ, ಫೀ ಜಾಸ್ತಿ (3/5)

ಬೆಳಗಾವಿ ಉದ್ಯಮಬಾಗದಾಗ ನಮ್ಮ ಕಾಕಾರದು ಔಷಧದ ಗುಳಿಗಿ ಮಾಡೋ ಸಣ್ಣ ಯೂನಿಟ್ ಐತಿ, ಅದರ ಸಬ್ಸಿಡಿ ಫೈಲ್ ಮಾಡಿಸಾಕ ಇವ್ರ ಕಡೆ ಹೋಗಿದ್ವಿ. ಸಬ್ಜೆಕ್ಟ್ ಗೊತ್ತೈತ್ರಿ ಇವ್ರಿಗೆ, ಸುಳ್ಳ ಹೇಳಬಾರದು. ರಾಜ್ಯದ 2025-30ರ ಕೈಗಾರಿಕಾ ನೀತಿಯೊಳಗ ಬೆಂಗಳೂರ ಹೊರಗಿನ ತಾಲೂಕಿಗೆ ಸವಲತ್ತು ಹೆಚ್ಚು, ಅದರ ಜೊತಿಗೆ ಕೇಂದ್ರದ ಫಾರ್ಮಾ ಅಪ್‌ಗ್ರೇಡ್ ಸ್ಕೀಮ್‌ನಾಗ ವಹಿವಾಟು 50 ಕೋಟಿ ಒಳಗಿದ್ರ ಖರ್ಚಿನ 20% ಸಬ್ಸಿಡಿ, ಗರಿಷ್ಠ 1 ಕೋಟಿ, ಅದರ ಮ್ಯಾಲ ರಾಜ್ಯದವ್ರು ಕೊಟ್ರ ಅದನ್ನೂ ತಗೋಬಹುದು ಅಂತ ಹಾಳ್ಯಾಗ ಬರದು ಲೆಕ್ಕಾ ತೋರಿಸಿದ್ರು. ಆದ್ರ ಮೊದಲ ರೊಕ್ಕ ನೀವ ಹಾಕಬೇಕು, ಎಚ್‌ವಿಎಸಿ (ಗಾಳಿ, ಉಷ್ಣತೆ ಹತೋಟಿಯೊಳಗ ಇಡೋ ವ್ಯವಸ್ಥಾ), ನೀರಿನ ಪ್ಲಾಂಟ್, ಸ್ಟೆಬಿಲಿಟಿ ಚೇಂಬರ್ (ಔಷಧ ಕೆಡದ ಎಷ್ಟು ದಿನ ಇರತೈತಿ ಅಂತ ನೋಡೋ ಪೆಟ್ಟಿಗಿ) ಎಲ್ಲಾ ಕುಂಡ್ರಿಸಿ ಬಿಲ್ ಕೊಟ್ಟ ಮ್ಯಾಲ ವಾಪಸ್ ಬರೋದು. ಕಾಕಾ ಇದನ್ನ ಕೇಳಿ ಚಾ ಕಪ್ ಕೆಳಗಿಟ್ರು!

ಬ್ಯಾಸರ ಆಗಿದ್ದು ಫೀ ವಿಷಯಕ್ಕ. ಅರ್ಧ ಅಡ್ವಾನ್ಸ್, ಮಂಜೂರಾದ್ಮ್ಯಾಲ ಪರ್ಸೆಂಟೇಜ್ ಬ್ಯಾರೆ, ಅದನ್ನ ಕಡೀಕ ಹೇಳತಾರ. ಅಲ್ಲಿರೋ ಹುಡುಗ ಕೊಟ್ಟ ಡ್ರಗ್ ಲೈಸೆನ್ಸ್ ಕಾಪಿನ ಮತ್ತ ಮತ್ತ ಕೇಳತಾನ, ಮಧ್ಯಾಹ್ನ ಫೋನ್ ಎತ್ತಂಗಿಲ್ಲ. ಹೋಗೋರು ಫೀ ಎಷ್ಟಂತ ಮೊದಲ ಬರಸಿಕೊಳ್ರಿ, ಪ್ರಾಜೆಕ್ಟ್ ರಿಪೋರ್ಟ್‌ನ ಸಾಫ್ಟ್ ಕಾಪಿನೂ ಇಸ್ಕೊಳ್ರಿ.