ಹೋಮ್ ಲೋನ್ ಜೊತೆ ಗಂಟು ಹಾಕಿದ ಇನ್ಶೂರೆನ್ಸ್: ಸೈನ್ ಹಾಕೋ ಮುಂಚೆ ಇದನ್ನೊಂದು ಓದಿ

“ಸಾರ್, ಈಗೊಂದು ಓಟಿಪಿ ಬರುತ್ತೆ, ಹೇಳ್ಬಿಡಿ.”

ಎರಡು ದಿನಕ್ಕೊಂದು ಸಲ ‘ಓಟಿಪಿಯನ್ನು ಯಾರಿಗೂ ಹೇಳಬೇಡಿ, ಬ್ಯಾಂಕ್ ಸಿಬ್ಬಂದಿಗೂ ಹೇಳಬೇಡಿ’ ಅಂತ ಮೆಸೇಜ್ ಕಳಿಸೋ ಬ್ಯಾಂಕದು. ಅದರದ್ದೇ ಕುರ್ಚಿಯಲ್ಲಿ ಕೂತು, ಅದರದ್ದೇ ಹುಡುಗನಿಗೆ ಆರು ಅಂಕಿ ಓದಿ ಹೇಳಿದೆ. ಆ ಆರು ಅಂಕಿಗೆ ನಾನು ತೆತ್ತದ್ದು 1,38,000 ರೂಪಾಯಿ.

2025ರ ಫೆಬ್ರವರಿ. ದಾವಣಗೆರೆಯಲ್ಲಿ ಒಂದು ಹಳೇ ಮನೆ ನೋಡಿ ಅಗ್ರಿಮೆಂಟ್ ಮಾಡಿಕೊಂಡಿದ್ದೆ. 30 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ. 8.75. ಅಗ್ರಿಮೆಂಟ್ ಅವಧಿ ಮುಗಿಯೋಕೆ ಹನ್ನೊಂದು ದಿನ ಉಳಿದಿತ್ತು. ಅದು ದಾಟಿದರೆ ಕೊಟ್ಟ ಅಡ್ವಾನ್ಸ್ ಗೋವಿಂದ. ಇದು ಬ್ಯಾಂಕಿನ ಹುಡುಗನಿಗೂ ಗೊತ್ತಿತ್ತು, ನಾನೇ ಹೇಳಿದ್ದೆ. ಹೇಳಬಾರದಿತ್ತು ಅಂತ ಈಗ ಅನಿಸುತ್ತೆ.

“ಲೋನ್ ಸ್ಯಾಂಕ್ಷನ್ ಆಗಿದೆ ಸಾರ್. ಇನ್ಶೂರೆನ್ಸ್ ಒಂದು ಆಗ್ಬೇಕು, ಅದು ಕಂಪಲ್ಸರಿ. ಅದಿಲ್ದೆ ಸಿಸ್ಟಮ್ ಡಿಸ್ಬರ್ಸ್‌ಮೆಂಟ್ ತಗೊಳ್ಳಲ್ಲ” ಅಂದ. ಅಂದರೆ ಸಾಲದ ದುಡ್ಡು ಬಿಡುಗಡೆ ಆಗಲ್ಲ. ಮನೆಗೆ ಬೆಂಕಿ ಬಿದ್ದರೆ, ಭೂಕಂಪ ಆದರೆ ಅಂತ ಮಾಡಿಸ್ತಾರಲ್ಲ, ಅದಿರಬೇಕು ಅಂದುಕೊಂಡೆ. ಅಡ ಇಟ್ಟ ಆಸ್ತಿಗೆ ಆ ವಿಮೆ ಕೇಳೋದು ನ್ಯಾಯವೇ, ಅದಕ್ಕೆ ಖರ್ಚೂ ಕಡಿಮೆ. ನಲವತ್ತು ಪುಟದ ಕಟ್ಟಿನಲ್ಲಿ ಪೆನ್ಸಿಲ್‌ನಲ್ಲಿ ಕ್ರಾಸ್ ಗುರುತು ಹಾಕಿದ ಕಡೆಯೆಲ್ಲ ನಾನೂ ನನ್ನ ಹೆಂಡತಿಯೂ ಸೈನ್ ಹಾಕುತ್ತಾ ಹೋದೆವು. ಹುಡುಗ ಒಂದು ಕೈಯಲ್ಲಿ ಹಾಳೆ ಮಗುಚುತ್ತಿದ್ದ, ಇನ್ನೊಂದು ಕೈಯಲ್ಲಿ ನಮಗೆ ಟೀ ತರಿಸುತ್ತಿದ್ದ. ತುಂಬಾ ಒಳ್ಳೇ ಹುಡುಗ ಅಂತ ಬಸ್ಸಿನಲ್ಲಿ ಬರುತ್ತಾ ಮಾತಾಡಿಕೊಂಡೆವು ಬೇರೆ.

ಏಪ್ರಿಲ್‌ನಲ್ಲಿ ಟ್ಯಾಕ್ಸ್ ಲೆಕ್ಕಕ್ಕೆ ಅಂತ ಲೋನ್ ಸ್ಟೇಟ್‌ಮೆಂಟ್ ತೆಗೆಸಿದೆ. ಸಾಲದ ಮೊತ್ತ 31,38,000 ಅಂತಿದೆ! ಪ್ರಿಂಟ್ ತಪ್ಪಿರಬೇಕು ಅಂತ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. 30 ಲಕ್ಷ ಮನೆ ಮಾರಿದವರಿಗೆ ಹೋಗಿದೆ. ಅದೇ ದಿನ 1,38,000 ಒಂದು ಜೀವ ವಿಮಾ ಕಂಪನಿಗೆ ಹೋಗಿದೆ. ನನ್ನ ಕೈಯಿಂದ ಒಂದು ಪೈಸೆ ಕೊಟ್ಟಿಲ್ಲ, ಅದಕ್ಕೇ ಗೊತ್ತಾಗಿರಲಿಲ್ಲ. ಪ್ರೀಮಿಯಂ ಅನ್ನೇ ಸಾಲವಾಗಿ ಕೊಟ್ಟು, ಆ ಸಾಲವನ್ನು ಮನೆ ಸಾಲದೊಳಗೆ ಕರಗಿಸಿಬಿಟ್ಟಿದ್ದರು.

ಲೆಕ್ಕ ಹಾಕಿ ನೋಡಿ. 30 ಲಕ್ಷಕ್ಕೆ ಇಎಂಐ ಸುಮಾರು 26,510 ಆಗಬೇಕು. ನನಗೆ 27,730 ಕಟ್ ಆಗುತ್ತಿತ್ತು. ತಿಂಗಳಿಗೆ 1,220 ಹೆಚ್ಚು. ಇದೇ ಬಡ್ಡಿಯಲ್ಲಿ 240 ಕಂತು ಕಟ್ಟಿದರೆ 1,38,000ದ ಪಾಲಿಸಿಗೆ ನಾನು ಕೊಡೋದು ಹತ್ತಿರಹತ್ತಿರ 2,93,000. ಪಾಲಿಸಿ ಇಪ್ಪತ್ತು ವರ್ಷದ್ದಾದರೂ ಇತ್ತಾ ಅಂದರೆ ಅದೂ ಇಲ್ಲ, ಹತ್ತೇ ವರ್ಷ! ಅದು ಮುಗಿದ ಮೇಲೂ ಹತ್ತು ವರ್ಷ ಅದರ ಕಂತು ಕಟ್ಟುತ್ತಿರಬೇಕು. ಮೇಲಾಗಿ ಸಾಲ ಇಳಿದ ಹಾಗೆ ವಿಮೆಯ ಮೊತ್ತವೂ ಪ್ರತಿ ವರ್ಷ ಇಳಿಯುತ್ತೆ.

ಇಷ್ಟೇ ಆಗಿದ್ದರೆ ದುಡ್ಡು ಹೋಯ್ತು, ಬುದ್ಧಿ ಬಂತು ಅಂತ ಸುಮ್ಮನಾಗುತ್ತಿದ್ದೆನೋ ಏನೋ. ನನ್ನನ್ನು ನಿಜವಾಗಿ ನಡುಗಿಸಿದ್ದು ಪ್ರಪೋಸಲ್ ಫಾರಂ, ಅಂದರೆ ವಿಮೆಗೆ ಹಾಕೋ ಅರ್ಜಿ. ಬ್ರಾಂಚಿಗೆ ನಾಲ್ಕು ಸಲ ಅಲೆದ ಮೇಲೆ ಅದರ ಜೆರಾಕ್ಸ್ ಕೊಟ್ಟರು. ಆರೋಗ್ಯದ ಪ್ರಶ್ನೆಗಳ ಪುಟದಲ್ಲಿ ಎಲ್ಲದಕ್ಕೂ ‘ಇಲ್ಲ’ ಅಂತ ಟೈಪ್ ಆಗಿದೆ. ಬಿಪಿ ಇಲ್ಲ. ಹೃದಯದ ತೊಂದರೆ ಇಲ್ಲ. ಡಯಾಬಿಟಿಸ್ ಇಲ್ಲ. ನನಗೆ 2021ರಿಂದ ಶುಗರ್ ಇದೆ, ಬೆಳಿಗ್ಗೆ ಒಂದು ರಾತ್ರಿ ಒಂದು ಮೆಟ್‌ಫಾರ್ಮಿನ್ ನುಂಗುತ್ತೇನೆ. ಆ ಹುಡುಗ ತರಿಸಿದ ಟೀಯನ್ನು “ಸಕ್ಕರೆ ಇಲ್ದೆ ಕೊಡಪ್ಪಾ, ಶುಗರ್ ಐತೆ” ಅಂತ ಹೇಳಿ ಕುಡಿದಿದ್ದೆ! ಫಾರಂನ ಕೆಳಗೆ ನನ್ನ ಸೈನ್ ಇದೆ. ನಾಳೆ ನನಗೇನಾದರೂ ಆದರೆ ಕಂಪನಿಯವರು ಆಸ್ಪತ್ರೆ ದಾಖಲೆ ತರಿಸಿ, ಕಾಯಿಲೆ ಮುಚ್ಚಿಟ್ಟಿದ್ದರು ಅಂತ ಕ್ಲೇಮ್ ತಳ್ಳಿಹಾಕಬಹುದು. ಮೊದಲ ಮೂರು ವರ್ಷ ಹಾಗೆ ಪ್ರಶ್ನಿಸೋಕೆ ಕಾನೂನೇ ಅವರಿಗೆ ದಾರಿ ಬಿಟ್ಟಿದೆ. ಹೆಂಡತಿ ಕೈಯಲ್ಲಿ ಸಾಲವೂ ಉಳಿಯುತ್ತೆ, ಗಂಡ ಸುಳ್ಳುಗಾರ ಅಂತ ಬರೆದ ಪತ್ರವೂ ಉಳಿಯುತ್ತೆ.

ಬ್ರಿಟನ್‌ನಲ್ಲಿ ಪಿಪಿಐ (ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್, ಸಾಲದ ಕಂತಿಗೆ ಮಾಡಿಸೋ ವಿಮೆ) ಅಂತ ಇದೇ ಜಾತಿಯ ಹಗರಣ ನಡೆದಿತ್ತು. ಸ್ವಂತ ಉದ್ಯೋಗ ಮಾಡೋರಿಗೆ, ಕೆಲಸ ಹೋದರೆ ಕಂತು ಕಟ್ಟುತ್ತೇವೆ ಅನ್ನೋ ಪಾಲಿಸಿ ಮಾರಿದ್ದರು. ಅವರು ಕ್ಲೇಮ್ ಮಾಡೋಕೇ ಆಗದಂಥ ಪಾಲಿಸಿ ಅದು. ಕೊನೆಗೆ ಅಲ್ಲಿನ ಬ್ಯಾಂಕುಗಳು 38 ಬಿಲಿಯನ್ ಪೌಂಡ್‌ಗೂ ಹೆಚ್ಚು ವಾಪಸ್ ಕೊಟ್ಟವು. ದೂರು ಕೊಡಲು 2019ರ ಆಗಸ್ಟ್ 29 ಕೊನೇ ದಿನ ಅಂತ ಜನಕ್ಕೆ ನೆನಪಿಸೋಕೆ ನಟ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಅವರ ರೋಬೋ ತಲೆ ಮಾಡಿಸಿ ಜಾಹೀರಾತು ಕೊಟ್ಟಿದ್ದರು. ನಮ್ಮಲ್ಲಿ ಯಾರ ತಲೆಯೂ ಬಂದು ನೆನಪಿಸಲ್ಲ, ನಮ್ಮ ತಲೆಯನ್ನೇ ಓಡಿಸಬೇಕು.

ಬ್ರಾಂಚ್ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: “ಎಜುಕೇಟೆಡ್ ಇದೀರಿ, ನೀವೇ ಸೈನ್ ಮಾಡಿದೀರಿ, ಓಟಿಪಿ ಕೊಟ್ಟಿದೀರಿ.” ಹುಡುಗ ಎಲ್ಲಿ ಅಂದರೆ ಬೇರೆ ಊರಿಗೆ ಟ್ರಾನ್ಸ್‌ಫರ್. ಮಾರ್ಚ್ ಎಂಡಿಂಗ್ ಟಾರ್ಗೆಟ್ ಮುಗಿದಿತ್ತಲ್ಲ.

ಇಲ್ಲಿ ನಾನು ಮಾಡಿದ ತಪ್ಪು ಒಂದು ಹೇಳಿಬಿಡುತ್ತೇನೆ. ಮೂರು ವಾರ ಬರೀ ಬಾಯಲ್ಲಿ ಜಗಳ ಆಡಿದೆ. ಬ್ರಾಂಚಿನಲ್ಲಿ ಕೂಗಾಡಿದ್ದಕ್ಕೆ ಯಾವ ದಾಖಲೆಯೂ ಇರಲ್ಲ. ಮೇ 2ಕ್ಕೆ ಬ್ಯಾಂಕಿನ ದೂರು ವಿಭಾಗಕ್ಕೆ ಇ-ಮೇಲ್ ಕಳಿಸಿ ಕಂಪ್ಲೇಂಟ್ ನಂಬರ್ ಪಡೆದ ದಿನದಿಂದಲೇ ನಿಜವಾದ ಲೆಕ್ಕ ಶುರುವಾಗಿದ್ದು. ಹತ್ತೊಂಬತ್ತನೇ ದಿನ ಉತ್ತರ ಬಂತು: ‘ಗ್ರಾಹಕರು ಸ್ವಇಚ್ಛೆಯಿಂದ ಪಾಲಿಸಿ ಪಡೆದಿದ್ದಾರೆ, ಫ್ರೀ ಲುಕ್ ಅವಧಿ ಮುಗಿದಿದೆ.’

ಈ ಫ್ರೀ ಲುಕ್ ಅನ್ನೋದನ್ನ ಸರಿಯಾಗಿ ತಿಳಿದುಕೊಳ್ಳಿ, ನನ್ನ ಕೇಸ್ ನಿಂತಿದ್ದೇ ಅದರ ಮೇಲೆ. ಪಾಲಿಸಿ ಬೇಡ ಅನಿಸಿದರೆ 30 ದಿನದೊಳಗೆ ವಾಪಸ್ ಮಾಡಬಹುದು. ಅಲ್ಲಿಯವರೆಗಿನ ರಿಸ್ಕ್ ಪ್ರೀಮಿಯಂ (ಅಷ್ಟು ದಿನ ವಿಮೆ ಇದ್ದದ್ದಕ್ಕೆ ತಗಲೋ ದುಡ್ಡು), ಸ್ಟಾಂಪ್ ಡ್ಯೂಟಿ ಇಂಥ ಸಣ್ಣಪುಟ್ಟದ್ದು ಕಳೆದು ಉಳಿದದ್ದೆಲ್ಲ ಕೊಡಬೇಕು. ಆದರೆ ಆ 30 ದಿನ ಎಣಿಸಬೇಕಾದ್ದು ಪಾಲಿಸಿ ಶುರುವಾದ ದಿನದಿಂದಲ್ಲ, ಪಾಲಿಸಿ ಪತ್ರ ನಮ್ಮ ಕೈ ಸೇರಿದ ದಿನದಿಂದ. ನನಗೆ ಪತ್ರವೇ ಬಂದಿರಲಿಲ್ಲ. ‘ಯಾವತ್ತು, ಎಲ್ಲಿಗೆ ಕಳಿಸಿದ್ದೀರಿ, ಪುರಾವೆ ಕೊಡಿ’ ಅಂತ ವಿಮಾ ಕಂಪನಿಗೆ ಬರೆದೆ. ಇ-ಮೇಲ್‌ಗೆ ಕಳಿಸಿದ್ದೇವೆ ಅಂತ ವಿಳಾಸ ಕೊಟ್ಟರು. ನನ್ನ ಹೆಸರಿನ ಮುಂದೆ ನಾಲ್ಕು ಅಂಕಿ ಸೇರಿಸಿದ ವಿಳಾಸ. ಅಂಥದ್ದೊಂದು ಮೇಲ್ ನನಗೆ ಹುಟ್ಟಿದಾಗಿನಿಂದ ಇಲ್ಲ. ಬ್ಯಾಂಕ್ ಖಾತೆಯಲ್ಲಿ ನನ್ನ ಸರಿಯಾದ ಮೇಲ್ ಹತ್ತು ವರ್ಷದಿಂದ ಇದೆ, ಸಾಲದ ಕಾಗದಗಳಲ್ಲೂ ಅದೇ ಇದೆ. ವಿಮೆ ಫಾರಂನಲ್ಲಿ ಮಾತ್ರ ಇದು.

ಇನ್ನೊಂದು ಆಯುಧ ಸಿಕ್ಕಿದ್ದು ಕೆಎಫ್‌ಎಸ್ ಅನ್ನೋ ಹಾಳೆಯಲ್ಲಿ. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಸಾಲದ ಜಾತಕ ಅನ್ನಿ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಅದೇ ವರ್ಷ ಅಕ್ಟೋಬರ್ 1ರಿಂದ ಕೊಡೋ ಹೊಸ ರೀಟೇಲ್ ಸಾಲಗಳಿಗೆಲ್ಲ ಇದು ಇರಲೇಬೇಕು. ಇನ್ಶೂರೆನ್ಸ್ ಹೆಸರಲ್ಲಿ ಬ್ಯಾಂಕ್ ವಸೂಲಿ ಮಾಡೋ ದುಡ್ಡೂ ಅದರಲ್ಲಿ ಬೇರೆಯಾಗಿ ಕಾಣಬೇಕು, ಒಟ್ಟು ವಾರ್ಷಿಕ ವೆಚ್ಚದ ದರದಲ್ಲಿ ಸೇರಬೇಕು. ಸಾಲಗಾರರಿಗೆ ಅರ್ಥವಾಗೋ ಭಾಷೆಯಲ್ಲಿ ಬರೆದಿರಬೇಕು, ವಿವರಿಸಿ ಹೇಳಬೇಕು. ನಮ್ಮಂಥ ಸಾಲಕ್ಕೆ ಓದಿ ಒಪ್ಪಿಕೊಳ್ಳೋಕೆ ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ನನ್ನ ಕೆಎಫ್‌ಎಸ್‌ನಲ್ಲಿ ಆ 1,38,000 ಇತ್ತು, ಸುಳ್ಳು ಹೇಳಲ್ಲ. ಆದರೆ ಅದನ್ನು ಮುಂದಿಟ್ಟಿದ್ದು, ಸೈನ್ ಹಾಕಿಸಿದ್ದು, ಓಟಿಪಿ ಕೇಳಿದ್ದು ಎಲ್ಲ ಅರ್ಧ ಗಂಟೆಯಲ್ಲಿ. ನನಗೆ ಇಂಗ್ಲಿಷ್ ಬರುತ್ತೆ, ಆ ನೆಪ ನಾನು ಹೇಳೋ ಹಾಗಿಲ್ಲ. ಸಹ ಅರ್ಜಿದಾರಳಾದ ನನ್ನ ಹೆಂಡತಿ ಓದಿದ್ದು ಕನ್ನಡದಲ್ಲಿ ಮಾತ್ರ. ಅವಳ ಸೈನೂ ಕನ್ನಡದಲ್ಲೇ ಇದೆ, ಇಂಗ್ಲಿಷ್ ಹಾಳೆಯ ಕೆಳಗೆ.

ಈ ಮೂರನ್ನೂ (ಶುಗರ್ ಇದೆ ಅನ್ನೋ ಡಾಕ್ಟರ್ ಚೀಟಿ, ಸುಳ್ಳು ಮೇಲ್ ವಿಳಾಸ, ಕೆಎಫ್‌ಎಸ್) ಒಂದೂವರೆ ಪುಟದಲ್ಲಿ ಬರೆದು ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳೋ ನೋಡಲ್ ಅಧಿಕಾರಿಗೂ ವಿಮಾ ಕಂಪನಿಗೂ ಕಳಿಸಿದೆ. ಬೈಗುಳ ಎಲ್ಲ ತೆಗೆದಿದ್ದೆ. ಮೊದಲ ಡ್ರಾಫ್ಟ್ ಐದು ಪುಟ ಇತ್ತು, ಅದರಲ್ಲಿ ನಾಲ್ಕು ಪುಟ ಬೈಗುಳವೇ. ಬ್ಯಾಂಕಿಗೆ 30 ದಿನದ ಗಡುವು. ಅದರೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸೋ ಅಧಿಕಾರಿ) ಸಿಎಂಎಸ್ ಅನ್ನೋ ಅದರ ದೂರು ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಫೀಸಿಲ್ಲ, ವಕೀಲರು ಬೇಕಿಲ್ಲ. ಬ್ಯಾಂಕಿಗೆ ಮೊದಲು ಬರೆಯದೆ ನೇರ ಅಲ್ಲಿಗೆ ಹೋದರೆ ಮಾತ್ರ ತಿರಸ್ಕರಿಸುತ್ತಾರೆ. ಬ್ಯಾಂಕಿನ ನಡವಳಿಕೆಗೆ ಆ ದಾರಿ. ವಿಮಾ ಕಂಪನಿ ಮೇಲಿನ ದೂರಿಗೆ ಬೇರೆ ದಾರಿ: ಮೊದಲು ಕಂಪನಿಗೆ, ಆಮೇಲೆ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಅನ್ನೋ ದೂರು ಪೋರ್ಟಲ್, ಅದೂ ಆಗದಿದ್ದರೆ ವಿಮಾ ಓಂಬುಡ್ಸ್‌ಮನ್. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಈ ಎರಡು ದಾರಿ ಗೊತ್ತಿಲ್ಲದಿದ್ದರೆ ಬ್ಯಾಂಕಿನವರು ಕಂಪನಿಗೆ ಕೇಳಿ ಅಂತಾರೆ, ಕಂಪನಿಯವರು ಬ್ಯಾಂಕಿಗೆ ಕೇಳಿ ಅಂತಾರೆ, ನೀವು ನಡುವೆ ಚೆಂಡು.

ಜೂನ್‌ನಲ್ಲಿ ಸಿಎಂಎಸ್‌ನಲ್ಲಿ ದೂರು ಹಾಕಿದೆ. ಆಮೇಲೆ ನೋಡಿ, ಬ್ಯಾಂಕಿನವರ ದನಿಯೇ ಬದಲಾಯ್ತು. ಅಲ್ಲಿಯವರೆಗೆ ನನ್ನ ಫೋನ್ ಎತ್ತದವರು ಅವರಾಗೇ ಮಾಡಿದರು. “ಪಾಲಿಸಿ ಸರೆಂಡರ್ ಮಾಡಿ ಸಾರ್, 91,000 ಬರುತ್ತೆ, ಮುಗಿಸ್ಬಿಡೋಣ” ಅಂದರು. ಸರೆಂಡರ್ ಅಂದರೆ ಪಾಲಿಸಿಯನ್ನು ನಡುವೆಯೇ ಬಿಟ್ಟುಕೊಟ್ಟು ಸಿಕ್ಕಷ್ಟು ತಗೊಳ್ಳೋದು. ಹಾಗೆ ಮಾಡಿದರೆ ಪಾಲಿಸಿ ಸರಿಯಾಗೇ ಇತ್ತು, ನನಗೇ ಬೇಡವಾಯ್ತು ಅಂತ ಒಪ್ಪಿಕೊಂಡ ಹಾಗೆ. ಆಗಲ್ಲ ಅಂದೆ. ಎಲ್ಲವನ್ನೂ ಇ-ಮೇಲ್‌ನಲ್ಲಿ ಹೇಳಿ ಅಂದೆ. ಇ-ಮೇಲ್‌ನಲ್ಲಿ ಮಾತ್ರ 91,000ದ ಸುದ್ದಿ ಬರಲೇ ಇಲ್ಲ.

ಆಗಸ್ಟ್ ಎರಡನೇ ವಾರ ಪೂರ್ತಿ 1,38,000 ಸಾಲದ ಖಾತೆಗೆ ಜಮಾ ಆಯ್ತು. ಆರು ತಿಂಗಳು ಆ ದುಡ್ಡಿನ ಮೇಲೆ ಹಾಕಿದ ಬಡ್ಡಿ ಸುಮಾರು 6,000, ಅದನ್ನು ಕೊಡಲಿಲ್ಲ. ಇನ್ನೂ ಎಳೆದಾಡಬಹುದಿತ್ತು. ಒಪ್ಪಂದದ ಪತ್ರವನ್ನು ಮೂರು ಸಲ ಓದಿ, ಬಡ್ಡಿ ಬಿಟ್ಟುಕೊಡುತ್ತಿದ್ದೇನೆ ಅಂತ ಗೊತ್ತಿದ್ದೇ ಸೈನ್ ಹಾಕಿದೆ. ಸುಸ್ತಾಗಿತ್ತು. ಯಾರಾದರೂ ಈ ಹಂತಕ್ಕೆ ಬಂದರೆ ನನಗಿಂತ ಗಟ್ಟಿಯಾಗಿರಿ, ಬಡ್ಡಿಯನ್ನೂ ಮೊದಲ ದೂರಿನಲ್ಲೇ ಅಂಕಿ ಹಾಕಿ ಕೇಳಿರಿ. ನಾನು ಕೇಳಿದ್ದು ಕೊನೆಗೆ. ದುಡ್ಡು ವಾಪಸ್ ಬಂದರೂ ಇಎಂಐ ತಾನಾಗಿ ಇಳಿಯಲ್ಲ, ಅವಧಿ ಕಡಿಮೆ ಮಾಡಿ ಬಿಟ್ಟಿರುತ್ತಾರೆ. ನಿಮಗೆ ಯಾವುದು ಬೇಕೋ ಅದನ್ನು ಬರೆದುಕೊಡಬೇಕು.

ಈಗಾಗಲೇ ಇಂಥ ಪಾಲಿಸಿ ಇದ್ದು, ಸಾಲ ಬೇಗ ತೀರಿಸಿದವರು ಅಥವಾ ಬೇರೆ ಬ್ಯಾಂಕಿಗೆ ವರ್ಗಾಯಿಸಿದವರು ಇದ್ದರೆ ಒಮ್ಮೆ ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್ ತೆಗೆದು ನೋಡಿ. ಒಂದೇ ಕಂತಿನ ಪ್ರೀಮಿಯಂ ಆದರೆ ಉಳಿದ ಅವಧಿಗೆ ಸರೆಂಡರ್ ಮೊತ್ತ ಇರಬಹುದು. ಕೇಳದಿದ್ದರೆ ಯಾರೂ ಕರೆದು ಕೊಡಲ್ಲ. ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು ಸಾಲ ತೀರಿಸಿ ಎರಡು ವರ್ಷ ಆದಮೇಲೆ ಈಗ ಹುಡುಕುತ್ತಿದ್ದಾರೆ.

ವಿಮೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೈಮೇಲೆ ಅಷ್ಟು ಸಾಲ ಇಟ್ಟುಕೊಂಡು ವಿಮೆ ಇಲ್ಲದೆ ಮಲಗಿದರೆ ನಿದ್ದೆ ಬರಲ್ಲ. ಅಕ್ಟೋಬರ್‌ನಲ್ಲಿ ಬ್ಯಾಂಕಿಗೆ ಸಂಬಂಧವಿಲ್ಲದ ಕಡೆ ಬೇರೆ ಟರ್ಮ್ ಪಾಲಿಸಿ ಮಾಡಿಸಿದೆ. ರಕ್ತ ತೆಗೆದು ಪರೀಕ್ಷೆ ಮಾಡಿದರು, ಶುಗರ್ ಇದೆ ಅಂತ ಪ್ರೀಮಿಯಂ ಏರಿಸಿದರು. ಏಜೆಂಟ್ ಫಾರಂ ತಂದು ಮೇಜಿನ ಮೇಲೆ ಇಟ್ಟ. ನಾನು ಪೆನ್ ತೆಗೆಯೋದರೊಳಗೆ ನನ್ನ ಹೆಂಡತಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. “ಶುಗರ್ ಐತೆ ಅಂತ ಎಲ್ಲಿ ಬರ್ದೀರಿ, ತೋರ್ಸಿ” ಅಂದಳು. ಅವನು ತೋರಿಸಿದ ಸಾಲಿನ ಮೇಲೆ ಬೆರಳಿಟ್ಟು, ಇದನ್ನ ಕನ್ನಡದಲ್ಲಿ ಓದಿ ಹೇಳಿ ಅಂದಳು.